ಮೂರು ಕಂಪನಿಗಳ ನಡುವೆ ಸುಮಂಗಲಕ್ಕ

ಸುಮಂಗಲಕ್ಕ ಯಾವ ಕಂಪನಿಯ ಆಫೀಸಿನಲ್ಲೂ ಚಹಾ ಕುಡಿಯುತ್ತಿರಲಿಲ್ಲ. ನೀರು ಕೂಡ ಮುಟ್ಟುತ್ತಿರಲಿಲ್ಲ. ಚೀಲದಲ್ಲಿ ತನ್ನದೇ ಬಾಟಲಿ. ಕೆಪೆ ಊರಿನ ನಮ್ಮ ಕಂಪನಿಯ ಮಾಲೀಕ ಗಾಂವ್ಕರ್ ತರಿಸಿದ ಚಹಾ ಮೇಜಿನ ಮೇಲೆಯೇ ಆರಿ ಹೋದಾಗ ಅವರು ಮುಖ ಸಣ್ಣದು ಮಾಡಿಕೊಂಡಿದ್ದರು. ಹೊರಗೆ ಬಂದ ಮೇಲೆ ಆಕೆ ನನಗೆ ಹೇಳಿದಳು: "ಇವತ್ತ ಇಲ್ಲಿ ಚಾ ಕುಡದ್ರ, ನಾಳಿ ಸಾಂಖಳಿಯವ್ರು 'ಬಾಯಿ ಕೆಪೆಯವ್ರ ಕಡಿ ಅದಾಳ' ಅಂತಾರ. ನನಗ ಯಾರ ಕಡಿನೂ ಇರೂದು ಬ್ಯಾಡ ಮಹೇಶಾ."

ಆಕೆ ಧಾರವಾಡದವಳು; ಇಲ್ಲಿಯವರು ಹೆಂಗಸರನ್ನು ಕರೆಯುವಂತೆ ಆಕೆಯನ್ನೂ 'ಬಾಯಿ' ಎನ್ನುತ್ತಿದ್ದರು. ದೂರವಾಣಿಯ ಕೆಲಸದಲ್ಲೇ ತಲೆ ನರೆತಿತ್ತು; ಯಾವ ಕಂಪನಿಯ ನೌಕರಳೂ ಅಲ್ಲ. ಆಗ, ಎರಡು ಸಾವಿರದ ದಶಕದ ನಡುವಿನಲ್ಲಿ, ನಮ್ಮ ಕಡೆ ಮೂರು ಸಣ್ಣ ಇಂಟರ್ನೆಟ್ ಕಂಪನಿಗಳಿದ್ದವು: ಸಾಂಖಳಿಯಲ್ಲೊಂದು, ವಾಸ್ಕೊದಲ್ಲೊಂದು, ಕೆಪೆಯಲ್ಲಿ ನಾನಿದ್ದದ್ದು ಒಂದು. ಮೂರೂ ಮುಂಬೈಗೆ ಕೂಡಿಕೊಂಡಿದ್ದವೇ ಹೊರತು ಒಂದಕ್ಕೊಂದು ಕೂಡಿರಲಿಲ್ಲ. ಕೆಪೆಯಿಂದ ಸಾಂಖಳಿಗೆ ಒಂದು ಫೋಟೋ ಕಳಿಸಿದರೂ ಅದು ಮುಂಬೈಗೆ ಹೋಗಿ ತಿರುಗಿ ಬರಬೇಕು. ದಾರಿಯಲ್ಲಿ ಎಲ್ಲಾದರೂ ಗುಡ್ಡ ಕುಸಿದು ಕೇಬಲ್ ತುಂಡಾಯಿತೋ, ಪಕ್ಕದೂರಿಗೂ ಏನೂ ಮುಟ್ಟುತ್ತಿರಲಿಲ್ಲ.

"ಗ್ವಾಡಿ ಆಚಿ ಮನಿಯವ್ರ ಜೋಡಿ ಮಾತಾಡಾಕ ಮುಂಬೈ ತನಕಾ ಹೋಗೂದು ಯಾವ ಶಾಣ್ಯಾತನ್ರಿ?" ಎಂದು ಮೂವರು ಮಾಲೀಕರನ್ನೂ ಕೇಳುತ್ತಾ ಆಕೆ ಬಸ್ಸಿನಲ್ಲಿ ಓಡಾಡಿದಳು. ಅವರೋ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಕಸಿದುಕೊಳ್ಳುವವರು. ಒಂದೇ ಕೋಣೆಯಲ್ಲಿ ತಮ್ಮ ತಂತಿ ಸೇರಿಸಲು ಹೆದರುತ್ತಿದ್ದರು. ಕೊನೆಗೆ ಆ ಕೋಣೆಯ ಕೀಲಿ ಬಾಯಿಯ ಕೈಯಲ್ಲೇ ಇರಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಜುವಾರಿ ಸೇತುವೆಯ ಹತ್ತಿರ ಕೊರ್ತಾಲಿಮ್‌ನಲ್ಲಿ, ಹಾರ್ಡ್‌ವೇರ್ ಅಂಗಡಿಯ ಅಟ್ಟದ ಮೇಲೆ, ಒಂದು ಕೋಣೆ ಹಿಡಿದು ಮೂರೂ ಕೇಬಲ್ಲುಗಳನ್ನು ಒಂದು ಪೆಟ್ಟಿಗೆಗೆ ಕೂಡಿಸಿದೆವು.

ಮೊದಲ ಮಳೆಗಾಲದಲ್ಲೇ ಮುಂಬೈ ಲೈನು ಹೋಯಿತು. ಕೆಪೆಯ ಒಂದು ವಾರಪತ್ರಿಕೆಯವರು ತಮ್ಮ ಪುಟಗಳನ್ನು ಸಾಂಖಳಿಯ ಪ್ರೆಸ್ಸಿಗೆ ಕಳಿಸುತ್ತಿದ್ದರು. ಈ ವಾರ ಪತ್ರಿಕೆ ಇಲ್ಲ ಎಂದು ಅವರು ಕೈಚೆಲ್ಲಿ ಕೂತಿದ್ದಾಗ ಪುಟಗಳು ಕೊರ್ತಾಲಿಮ್ ದಾಟಿ ಸಾಂಖಳಿ ಮುಟ್ಟಿದ್ದವು. ಫೋನಿನಲ್ಲಿ ನಾನು ಕೂಗಿ ಹೇಳಿದರೆ ಸುಮಂಗಲಕ್ಕ, "ಮುಟ್ಟಲಾರದ ಎಲ್ಲಿಗೆ ಹೋದಾವ?" ಎಂದಳು. ಆಮೇಲೆ ಬಹಳ ಹೊತ್ತು ನಕ್ಕಳು. ಆಕೆ ಹಾಗೆ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆಕೆಯ ತಮ್ಮ ಗಿರೀಶ ಫೋಂಡಾದ ಕಾರ್ಖಾನೆಯೊಂದರಲ್ಲಿದ್ದ. ಅದು ಮುಚ್ಚಿತು. ಬಹಳ ದಿನ ಅಲೆದ ಮೇಲೆ ಅವನಿಗೆ ಕೆಲಸ ಸಿಕ್ಕಿತು. ಸಿಕ್ಕಿದ್ದು ಸಾಂಖಳಿಯ ಇಂಟರ್ನೆಟ್ ಕಂಪನಿಯಲ್ಲಿ, ಬಿಲ್ಲು ಬರೆಯುವ ಕೆಲಸ. ಅಕ್ಕ ಬೇಡವೆನ್ನುತ್ತಾಳೆಂದು ಸೇರಿದ ಮೇಲೆಯೇ ಹೇಳಿದ.

ಅಲ್ಲಿಂದ ಗಾಂವ್ಕರರ ನೋಟ ಬದಲಾಯಿತು. ಒಮ್ಮೆ ನಮ್ಮ ಲೈನು ನಿಧಾನವಾದಾಗ, ಬಾಯಿ ತಮ್ಮನ ಕಂಪನಿಗೆ ವೇಗ ಕೊಟ್ಟು ನಮ್ಮದನ್ನು ಕಟ್ಟಿಹಾಕಿದ್ದಾಳೆ ಎಂದರು. ನಿಜವಾಗಿ ಸೇತುವೆಯ ಬುಡದಲ್ಲಿ ರಸ್ತೆ ಅಗೆದವರು ನಮ್ಮ ಕೇಬಲ್ಲನ್ನೇ ಜಜ್ಜಿದ್ದರು. ಸುಮಂಗಲಕ್ಕ ಬಿಸಿಲಲ್ಲಿ ನಡೆದು ಅದನ್ನು ಹುಡುಕಿ, ಜಜ್ಜಿದ ತುಂಡನ್ನು ತಂದು ಅವರ ಮೇಜಿನ ಮೇಲಿಟ್ಟಳು. ಅವರು ಅದರತ್ತ ನೋಡಲೂ ಇಲ್ಲ. "ತಮ್ಮ ಅಲ್ಲಿದ್ದಾನೋ ಇಲ್ಲವೋ, ಅಷ್ಟು ಹೇಳಿ" ಎಂದು ಹಿಂದಿಯಲ್ಲಿ ಕೇಳಿದರು.

"ಅದಾನ್ರಿ" ಎಂದಳು.

ಆ ವಾರವೇ ಗಿರೀಶ ಕೊರ್ತಾಲಿಮ್‌ಗೆ ಬಂದ. ನಾನೂ ಕೋಣೆಯಲ್ಲಿದ್ದೆ.

"ಅಕ್ಕಾ, ನಾ ಕೆಲಸ ಬಿಡ್ತೇನಿ."

"ಬಿಟ್ಟು ಏನ್ ತಿಂತಿ? ಕೂಸು ಹುಟ್ಟಿ ಇನ್ನ ತಿಂಗಳಾಗಿಲ್ಲ. ಸುಮ್ನ ಹೋಗು."

ಅವನು ಹೋದ ಮೇಲೆ ಆಕೆ ಕಿಟಕಿಯ ಹತ್ತಿರ ನಿಂತಳು. "ಪುರಾವೆ ಕೇಳಿದ್ರ ಕೊಡಬಹುದಿತ್ತು ಮಹೇಶಾ. ಅವ್ರು ಕೇಳಾಕತ್ತಿದ್ದು ಅದಲ್ಲ" ಎಂದಳು. ತಾನೇ ಕೀಲಿ ಬಿಟ್ಟುಕೊಟ್ಟರೆ ಕೋಣೆಯಾದರೂ ಉಳಿಯುತ್ತದೆ ಎಂದು ಆಕೆಯ ಲೆಕ್ಕ; ಹಾಗೆಂದು ಮೂವರು ಮಾಲೀಕರಿಗೂ ಹೇಳಿದಳು. ಆದರೆ ಕೀಲಿ ಇಟ್ಟುಕೊಳ್ಳಲು ಒಬ್ಬರು ಸೂಚಿಸಿದವರನ್ನು ಇನ್ನಿಬ್ಬರು ಒಪ್ಪಲಿಲ್ಲ. ನಮ್ಮ ಕೇಬಲ್ ತೆಗೆದುಕೊಂಡು ಬಾ ಎಂದು ಗಾಂವ್ಕರ್ ನನ್ನನ್ನು ಕಳಿಸಿದರು.

ನಾನು ಪೆಟ್ಟಿಗೆಯ ಮುಂದೆ ನಿಂತು ಕೈ ಎತ್ತಲಾರದೆ ಇದ್ದೆ. "ಸರಿ, ನಾನ ತಗಿತೇನಿ. ಹಾಕಿದಾಕಿ ನಾನ ಅಲ್ಲೇನು" ಎಂದು ಆಕೆ ಕೇಬಲ್ಲನ್ನು ಮೆಲ್ಲಗೆ ಬಿಡಿಸಿ, ಅದರ ತುದಿಗೆ ಧೂಳು ಹೋಗದಂತೆ ಮುಚ್ಚಳ ಹಾಕಿ, ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. ಸ್ವಲ್ಪ ದಿನಕ್ಕೆ ವಾಸ್ಕೊದವರೂ ತೆಗೆದರು. ಕೆಪೆಯ ಪತ್ರಿಕೆಯ ಪುಟಗಳು ಮತ್ತೆ ಮುಂಬೈ ಸುತ್ತಿ ಸಾಂಖಳಿಗೆ ಹೋಗತೊಡಗಿದವು.

ಆಕೆ ಧಾರವಾಡಕ್ಕೆ ಹೊರಟ ದಿನ ಕೊರ್ತಾಲಿಮ್‌ನ ರಸ್ತೆಬದಿಯಲ್ಲಿ ಹುಬ್ಬಳ್ಳಿ ಬಸ್ಸಿಗಾಗಿ ನಿಂತಿದ್ದೆವು. ಗಿರೀಶ ಕೂಸನ್ನು ಎತ್ತಿಕೊಂಡು ಬಂದಿದ್ದ. ಸುಮಂಗಲಕ್ಕ ಕೂಸಿನ ಟೊಪ್ಪಿಗೆ ಸರಿಮಾಡಿದಳು. ಹಾಲು ಸರಿಯಾಗಿ ಕುಡಿಯುತ್ತದೆಯೇ, ರಾತ್ರಿ ಮಲಗುತ್ತದೆಯೇ ಎಂದು ಕೇಳಿದಳು. ಬಸ್ಸು ಬಂತು. ಹತ್ತಿದಳು. ಆಮೇಲೆ ನಾನು ಆಕೆಯನ್ನು ನೋಡಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಗಿರೀಶ ಅಲ್ಲೇ ನಿಂತಿದ್ದ.

"ಒಂದ್ ಮಾತ ಬೈದು ಹೋಗಿದ್ರ ಚಲೋ ಇತ್ರಿ" ಎಂದ.