ಕಂಪ್ಯೂಟರಿನೊಳಗೆ ಅಪ್ಪ ಕಾದ ಕುರಿಗಳು

ನಾನು ಸಿ.ಎ. ಓದುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆ ದೆಹಲಿಯ ಲಕ್ಷ್ಮೀ ನಗರದ ಒಂದು ಗಲ್ಲಿಯ ಮೂರನೇ ಮಹಡಿಯಲ್ಲಿತ್ತು. ಅಪ್ಪ, ಅಮ್ಮ, ನಾನು, ಮೂರೇ ಜನ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಕುರ್ಚಿ, ಫ್ಯಾನು, ಪೆನ್ಸಿಲು, ಟವೆಲುಗಳ ದಾಸ್ತಾನು ನೋಡಿಕೊಳ್ಳುವ ವಿಭಾಗ ಅವರದು. ಮಾತು ಕಡಿಮೆ. ಊರು ಯಾವುದು ಎಂದು ಯಾರಾದರೂ ಕೇಳಿದರೆ "ಕರ್ನಾಟಕ" ಅನ್ನುತ್ತಿದ್ದರು. ಬಿಡದೆ ಕೇಳಿದರೆ "ಬೆಂಗಳೂರಿನ ಹತ್ತಿರ." ಅವರ ಊರು ಚಳ್ಳಕೆರೆ ಬೆಂಗಳೂರಿಗೆ ಅಷ್ಟೇನೂ ಹತ್ತಿರವಿಲ್ಲ ಅಂತ ನನಗೆ ಗೊತ್ತಿತ್ತು. ಹಾಗೇಕೆ ಹೇಳುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ.

ಮನೆಗೆ ಕಂಪ್ಯೂಟರ್ ಬಂದದ್ದು ನನ್ನ ಓದಿಗೆ. ಕೋಚಿಂಗ್ ಕ್ಲಾಸಿನ ಗೆಳತಿಯೊಬ್ಬಳು ಕೊಟ್ಟ ಸಿ.ಡಿ.ಯಿಂದ ಅದರೊಳಗೆ ಒಂದು ಆಟವೂ ಸೇರಿಕೊಂಡಿತು. ಹಳೇ ಕಾಲದ ರಾಜ್ಯ ಕಟ್ಟುವ ಆಟ. ಶುರುವಿಗೆ ಒಂದು ಊರಚಾವಡಿ, ಮೂರು ಜನ ಹಳ್ಳಿಯವರು, ಒಬ್ಬ ಕುದುರೆ ಸವಾರ ಅಷ್ಟೇ. ಸುತ್ತಲೂ ಕಪ್ಪು. ಸವಾರನನ್ನು ಓಡಾಡಿಸಿದ ಹಾಗೆ ಕಪ್ಪು ಸರಿದು ಕಾಡು, ಕೆರೆ, ಚಿನ್ನದ ಗಣಿ ಕಾಣಿಸುತ್ತವೆ. ಅಲ್ಲೊಂದು ಇಲ್ಲೊಂದು ಕುರಿ ನಿಂತಿರುತ್ತದೆ. ನಮ್ಮವರ ಕಣ್ಣಿಗೆ ಬಿದ್ದ ಕೂಡಲೇ ಅದು ನಮ್ಮದು. ಚಾವಡಿ ಹತ್ತಿರ ಹೊಡೆದುಕೊಂಡು ಬಂದು, ಕಡಿದು, ಊಟ ಕೂಡಿಸಬೇಕು. ಊಟ ಇದ್ದರೆ ಜನ ಹೆಚ್ಚುತ್ತಾರೆ, ಆಮೇಲೆ ಸೈನ್ಯ, ಕೋಟೆ, ಯುದ್ಧ. ನನಗೆ ಯುದ್ಧದ ಮೇಲೇ ಕಣ್ಣು. ಕುರಿ ಅಂದರೆ ಮೊದಲ ಐದು ನಿಮಿಷದ ಕೆಲಸ.

ಒಂದು ಶನಿವಾರ ಮಧ್ಯಾಹ್ನ ಅಪ್ಪ ಒಳಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. ಸ್ಪೀಕರಿನಿಂದ "ಬ್ಯಾ" ಅಂತ ಸದ್ದು ಬಂತು.

"ಅದೇನದು?"

"ಕುರಿ ಅಪ್ಪ. ಗೇಮು."

ಚಹಾ ಲೋಟ ಹಿಡಿದುಕೊಂಡೇ ಬಂದು ನನ್ನ ಹಿಂದೆ ನಿಂತರು. ಬೈಯುತ್ತಾರೆ ಅಂದುಕೊಂಡೆ.

"ಈ ನಾಲ್ಕೂ ಯಾರವು?"

"ನಮ್ಮವು."

"ಯಾರು ಕೊಟ್ಟರು?"

"ಯಾರೂ ಕೊಡಲಿಲ್ಲ. ನಾವು ನೋಡಿದ್ವಿ, ನಮ್ಮವಾದ್ವು. ನಮ್ಮವರು ಯಾರೂ ಹತ್ತಿರ ಇಲ್ಲದಾಗ ಶತ್ರು ಬಂದರೆ ಅವನವಾಗಿಬಿಡ್ತವೆ."

ಅಪ್ಪನ ಹುಬ್ಬು ಗಂಟಿಕ್ಕಿತು. "ಅದು ಹೇಗಾಗುತ್ತೆ? ಕಿವಿಗೆ ಗುರುತು ಹಾಕಿರಲ್ವಾ?"

"ಗುರುತೆಲ್ಲ ಇಲ್ಲಪ್ಪ."

"ಮರಿ ಹಾಕ್ತವಾ?"

"ಇಲ್ಲ."

"ಉಣ್ಣೆ?"

"ಅದೂ ಇಲ್ಲ. ಬರೀ ತಿನ್ನೋಕೆ."

"ಹಾಗಾದ್ರೆ ಇವು ಕುರಿ ಅಲ್ಲ ಬಿಡು, ದಾಸ್ತಾನು."

ನಾನು ನಕ್ಕು, ಎಂದಿನಂತೆ ನಾಲ್ಕೂ ಕುರಿಗಳನ್ನು ಒಮ್ಮೆಗೇ ಕಡಿಯಲು ಜನರನ್ನು ಹಚ್ಚಿದೆ. ಅಪ್ಪ ಗಾಬರಿಯಾದರು. "ಏಯ್, ಎಲ್ಲಾನೂ ಯಾಕೆ ಒಟ್ಟಿಗೆ ಕಡೀತೀಯ? ಒಂದು ಮುಗಿದ ಮೇಲೆ ಇನ್ನೊಂದು. ಬಿಸಿಲಿಗೆ ಕೆಟ್ಟುಹೋಗುತ್ತೆ!"

ನಿಜ ಹೇಳಬೇಕೆಂದರೆ ಆಟದಲ್ಲೂ ಹಾಗೇ ಇತ್ತು. ಕಡಿದ ಕುರಿ ನಿಧಾನವಾಗಿ ಕೊಳೆತು ಊಟ ಸೋರಿಹೋಗುತ್ತಿತ್ತು. ವಾರಗಟ್ಟಲೆ ಆಡಿಯೂ ನಾನದನ್ನು ಗಮನಿಸಿರಲಿಲ್ಲ. ಅಪ್ಪ ಹೇಳಿದ ಹಾಗೆ ಮಾಡಿದೆ. ಅವತ್ತು ಮೊದಲ ಬಾರಿಗೆ ನನ್ನ ಊರಿಗೆ ಊಟ ಸಾಲದೆ ಹೋಗಲಿಲ್ಲ, ಯುದ್ಧವನ್ನೂ ಗೆದ್ದೆ. "ನಿಮಗೆ ಹೇಗೆ ಗೊತ್ತಾಯ್ತಪ್ಪ?" ಅಂತ ತಿರುಗಿ ನೋಡಿದರೆ ಅಪ್ಪ ಪೇಪರಿನ ಹಿಂದೆ ಕೂತಾಗಿತ್ತು.

ಮರುದಿನ ಭಾನುವಾರ ಸ್ನಾನ ಮುಗಿಸಿ, ಕನ್ನಡಕ ಹಾಕಿಕೊಂಡು, ಅವರೇ ಬಂದರು. "ಆ ಇಲಿ ಹಿಡಿಯೋದು ಹೇಳಿಕೊಡು." ಹೇಳಿಕೊಟ್ಟೆ. ಅಂದಿನಿಂದ ಭಾನುವಾರದ ಬೆಳಗು ಅಪ್ಪನದಾಯಿತು. ಆದರೆ ಅವರು ಆಡುತ್ತಿದ್ದ ಆಟ ಬೇರೆಯೇ. ಸೈನ್ಯ ಕಟ್ಟುತ್ತಿರಲಿಲ್ಲ, ಕೋಟೆ ಎಬ್ಬಿಸುತ್ತಿರಲಿಲ್ಲ. ಸವಾರನನ್ನು ಮೂಲೆಮೂಲೆಗೂ ಅಟ್ಟಿ, ಭೂಪಟದಲ್ಲಿದ್ದ ಅಷ್ಟೂ ಕುರಿಗಳನ್ನು ಒಟ್ಟುಗೂಡಿಸುತ್ತಿದ್ದರು. ಜನರಿಗೆ ಹಣ್ಣು, ಜಿಂಕೆ, ಹೊಲದ ಬೆಳೆ ತಿನ್ನಿಸುತ್ತಿದ್ದರೇ ಹೊರತು ಕುರಿಗೆ ಕೈ ಹಚ್ಚುತ್ತಿರಲಿಲ್ಲ. ಶತ್ರು ಬಂದು ಚಾವಡಿಗೆ ಬೆಂಕಿ ಇಟ್ಟಾಗಲೂ ಮಂದೆಯನ್ನು ಕಾಡಿನ ಹಿಂದಕ್ಕೆ ದಾಟಿಸುವುದರಲ್ಲಿ ಮುಳುಗಿರುತ್ತಿದ್ದರು. ಕೊನೆಗೆ "ಸೋತಿರಿ" ಎಂಬ ಅಕ್ಷರ ಪರದೆ ಮೇಲೆ ಬಂದರೆ ಅವರಿಗೆ ಒಪ್ಪಿಗೆಯೇ ಇಲ್ಲ.

"ಹದಿನಾಲ್ಕು ಕುರಿ ಉಳಿದಿವೆಯಲ್ಲೇ! ಸೋತಿದ್ದು ಹೇಗೆ?"

ಅಡುಗೆಮನೆಯಿಂದ ಅಮ್ಮ ಇಣುಕಿ, "ರೀ, ತಿಂಡಿ ಆರಿಹೋಗ್ತಿದೆ. ಕುರಿಗಳನ್ನ ಕಟ್ಟಿಹಾಕಿ ಬನ್ನಿ," ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲೊಂದು ಭಾನುವಾರ ಆಟದ ನಡುವೆ ಕರೆಂಟು ಹೋಯಿತು. ಅಪ್ಪ ಬಾಲ್ಕನಿಗೆ ಬಂದು ನಿಂತರು, ನಾನೂ ನಿಂತೆ. ಗಲ್ಲಿಯ ಜನರೇಟರುಗಳು ಒಂದೊಂದಾಗಿ ಗುಡುಗತೊಡಗಿದವು. ಆ ಗದ್ದಲದಲ್ಲೇ ಅಪ್ಪ, ನನ್ನ ಕಡೆ ನೋಡದೆ, ಹೇಳಿದರು.

"ನನಗೆ ಹತ್ತು ವರ್ಷ ಆಗ. ಮನೆಯ ಕುರಿ ಹೊಡೆದುಕೊಂಡು ಹೋಗಿದ್ದೆ. ಮೇಷ್ಟ್ರು ಒಂದು ಪುಸ್ತಕ ಕೊಟ್ಟಿದ್ದರು, ಜಾಲಿಮರದ ಕೆಳಗೆ ಕೂತು ಓದುತ್ತಾ ನಿದ್ದೆ ಹೋದೆ. ಎದ್ದು ನೋಡಿದರೆ ಬೇರೆ ಯಾರದೋ ದೊಡ್ಡ ಮಂದೆ ಹಾದುಹೋಗಿದೆ. ಧೂಳಿನಲ್ಲಿ ಅದನ್ನು ಹೊಡೆದುಕೊಂಡು ಹೋಗೋರ ಬೆನ್ನು ಮಾತ್ರ ಕಾಣ್ತಿದೆ. ನಮ್ಮವು ಹನ್ನೊಂದು ಕುರಿ ಅದರ ಜೊತೆ ಹೊರಟುಹೋಗಿದ್ದವು."

"ಕೂಗಲಿಲ್ವಾ?"

"ಹೆದರಿಕೆ ಆಯ್ತು. ಅವರು ದೊಡ್ಡವರು, ಕೋಲು ಹಿಡಿದವರು. ಮರದ ಹಿಂದೆ ಅವಿತುಕೊಂಡೆ."

ಮನೆಯಲ್ಲಿ ಅಜ್ಜ ಒಂದು ಏಟೂ ಹಾಕಲಿಲ್ಲವಂತೆ, ಒಂದು ಮಾತೂ ಆಡಲಿಲ್ಲವಂತೆ. ಮರುದಿನ ಬೆಳಿಗ್ಗೆ ಅಪ್ಪನ ಕೈ ಹಿಡಿದು ಬಸ್ಸು ಹತ್ತಿಸಿ, ಚಿತ್ರದುರ್ಗದ ಹಾಸ್ಟೆಲಿಗೆ ಸೇರಿಸಿ ಬಂದರಂತೆ. "ಕುರಿ ಕಳೆದವನು ಮನೆಯಲ್ಲಿ ಬೇಡ ಅಂತ," ಅಂದರು ಅಪ್ಪ. ಓದು, ಪರೀಕ್ಷೆ, ದೆಹಲಿಯ ನೌಕರಿ ಎಲ್ಲ ಅಲ್ಲಿಂದಲೇ ಬಂದದ್ದು. ಊರಿಗೆ ಹೋದಾಗಲೆಲ್ಲ ಯಾರೂ ಆ ಹನ್ನೊಂದರ ಮಾತೆತ್ತುತ್ತಿರಲಿಲ್ಲ, ಇವರೂ ಎತ್ತಲಿಲ್ಲ. ಆಮೇಲೆ ಅಜ್ಜ ತೀರಿಹೋದರು. ಕರೆಂಟು ಬಂತು. ಅಪ್ಪ ಒಳಗೆ ಹೋಗಿ ಮುಖ ತೊಳೆದುಕೊಂಡರು.

ಚಳಿಗಾಲ ಬಂದಾಗ ಯಮುನೆಯ ದಂಡೆಯ ಬಯಲಿಗೆ ರಾಜಸ್ಥಾನದ ಕಡೆಯಿಂದ ಕುರಿಮಂದೆ ಬಂದಿದೆ ಅಂತ ನಾನೇ ಸುದ್ದಿ ತಂದೆ. ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಅಪ್ಪ ಇಸ್ತ್ರಿ ಮಾಡಿದ ಪ್ಯಾಂಟು, ಸ್ವೆಟರು, ಜೇಬಿಗೆ ಪೆನ್ನು. ಕಟ್ಟೆ ಇಳಿದು ಹೋದರೆ ಮಂಜಿನಲ್ಲಿ ನೂರಾರು ಕುರಿ. ಕೆಂಪು ಪೇಟದ ಮುದುಕನೊಬ್ಬ ನಮ್ಮನ್ನು ಕಂಡದ್ದೇ ತಡ, ಎದ್ದು ಕೋಲು ತೆಗೆದುಕೊಂಡು ಮಂದೆಯನ್ನು ಎಬ್ಬಿಸತೊಡಗಿದ. "ಹೊರಟ್ವಿ ಸಾಬ್, ಈಗಲೇ ಹೊರಟ್ವಿ," ಅಂದ. ಅಪ್ಪನ ಜೇಬಿನ ಪೆನ್ನು ನೋಡಿ, ಜಾಗ ಖಾಲಿ ಮಾಡಿಸಲು ಬಂದ ಸರ್ಕಾರಿ ಮನುಷ್ಯ ಅಂದುಕೊಂಡಿದ್ದ.

ಅಪ್ಪ ಎರಡೂ ಕೈ ಎತ್ತಿ ಬೀಸಿದರು. ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಆಡಿದ ಹಿಂದಿ ಆ ಹೊತ್ತಿಗೆ ಕೈಕೊಟ್ಟಿತು. ಕೊನೆಗೆ ಇಷ್ಟೇ ಹೊರಟಿತು: "ಮೈಂ ಭೀ ಗಡರಿಯಾ ಹೂಂ."

ನಾನೂ ಕುರಿ ಕಾಯುವವನೇ. ಈ ಮಾತನ್ನು ಅಪ್ಪ ಯಾವ ಭಾಷೆಯಲ್ಲೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮುದುಕ ಅವರನ್ನು ಬೂಟಿನಿಂದ ತಲೆವರೆಗೆ ನೋಡಿದ. ನಂಬಲಿಲ್ಲ. ಅಪ್ಪ ಸುತ್ತ ಕಣ್ಣಾಡಿಸಿ, ಮಂದೆಯ ಹಿಂದೆ ಕುಂಟುತ್ತಿದ್ದ ಒಂದು ಕುರಿಯ ಬಳಿ ಹೋಗಿ, ಹಿಂಗಾಲು ಹಿಡಿದು, ಒಂದೇ ಸಲಕ್ಕೆ ಅದನ್ನು ಕೂರಿಸಿ, ಗೊರಸಿನ ಸಂದಿಯಿಂದ ಗಾಜಿನ ಚೂರೊಂದನ್ನು ತೆಗೆದರು. ಪ್ಯಾಂಟಿನ ಮೊಣಕಾಲೆಲ್ಲ ಕೆಸರು. ಮುದುಕ ಕೋಲು ಕೆಳಗಿಟ್ಟು, ಒಲೆಯ ಮೇಲಿದ್ದ ಚಹಾವನ್ನು ನಮಗೆ ಬಗ್ಗಿಸಿದ.

ಇಬ್ಬರೂ ಬಹಳ ಹೊತ್ತು ಮಾತಾಡಿದರು. ರೋಗ, ಹುಲ್ಲು, ಉಣ್ಣೆ, ಹೆದ್ದಾರಿ ದಾಟುವ ಕಷ್ಟ. ಅಪ್ಪ ಕೊನೆಗೆ ಕೇಳಿದರು, "ಎರಡು ಮಂದೆ ಬೆರೆತುಹೋದರೆ ಏನು ಮಾಡ್ತೀರಿ?" ಮುದುಕ ನಕ್ಕ. ಇವತ್ತಲ್ಲ ನಾಳೆ ಬೇರೆಯವನ ಕುರಿ ಅಂತ ಗೊತ್ತಾಗಿಯೇ ಆಗುತ್ತದೆ, ಹುಡುಕಿ ತಂದು ಬಿಟ್ಟುಹೋಗುತ್ತೇವೆ, ಬೇರೆಯವನ ಕುರಿ ಇಟ್ಟುಕೊಂಡು ಯಾವ ಮುಖ ಹೊತ್ತು ಆ ದಾರಿಯಲ್ಲಿ ಮತ್ತೆ ತಿರುಗುವುದು, ಅಂದ.

ಅಪ್ಪ ಮನೆಗೆ ಬಂದವರೇ ಮೊಬೈಲ್ ತೆಗೆದು ಊರಿನಲ್ಲಿದ್ದ ದೊಡ್ಡಪ್ಪನಿಗೆ ಫೋನ್ ಮಾಡಿದರು. ದೊಡ್ಡಪ್ಪನ ಗಂಟಲು ದೊಡ್ಡದು, ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿತ್ತು.

"ಅಣ್ಣಾ, ಆ ಹನ್ನೊಂದು ಕುರಿ ಏನಾದ್ವು?"

"ಯಾವ ಹನ್ನೊಂದೋ?"

"ನಾನು ಕಳೆದದ್ದು. ಹಾಸ್ಟೆಲಿಗೆ ಹೋಗೋ ಹಿಂದಿನ ದಿನ."

"ಅಯ್ಯೋ, ಅವಾ! ಮೂರನೇ ದಿನಕ್ಕೆ ಆ ದೊಡ್ಡ ಮಂದೆಯ ಹಿರಿಯೂರಿನೋರೇ ಹೊಡಕೊಂಡು ಬಂದು ಬಿಟ್ಟು ಹೋದರಲ್ಲೋ. ನಿನಗೆ ಯಾರೂ ಹೇಳಲಿಲ್ವಾ?"

ಅಪ್ಪ ಕುರ್ಚಿಯ ಮೇಲೆ ಕೂತರು. "ಮತ್ತೆ ಅಪ್ಪ ನನ್ನನ್ನ ಹಾಸ್ಟೆಲಿಗೆ ಹಾಕಿದ್ದು?"

"ಮೇಷ್ಟ್ರು ಸೀಟು ಕೊಡಿಸಿ ತಿಂಗಳಾಗಿತ್ತು. ನೀನು ಅತ್ತು ರಂಪ ಮಾಡ್ತೀಯ ಅಂತ ಅಪ್ಪ ಮೊದಲೇ ಹೇಳಿರಲಿಲ್ಲ. ಕುರಿಗೂ ಅದಕ್ಕೂ ಏನು ಸಂಬಂಧ? ನಿನ್ನ ಬಿಟ್ಟು ಬಂದ ದಿನ ಅಪ್ಪ ಊಟ ಮಾಡಲಿಲ್ಲ ಕಣೋ."

ಅಪ್ಪ ಮೊದಲು ನಕ್ಕರು. ನಗುತ್ತಲೇ ಇದ್ದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಅಮ್ಮ ಸೌಟು ಹಿಡಿದುಕೊಂಡೇ ಬಂದು, ಅವರ ಹೆಗಲ ಮೇಲೆ ಕೈಯಿಟ್ಟು ನಿಂತಳು. ನಲವತ್ತು ವರ್ಷ, ಅಂದುಕೊಂಡೆ ನಾನು. ನಲವತ್ತು ವರ್ಷ ಈ ಮನುಷ್ಯ ತನ್ನನ್ನು ಮನೆಯಿಂದ ಹೊರಗೆ ಹಾಕಿದರು ಅಂತಲೇ ಬದುಕಿದ್ದರು.

ಆಮೇಲೆ ಅಪ್ಪ ಪೂರ್ತಿ ಬದಲಾದರು ಅಂತ ಹೇಳಲಾರೆ. ಮಾತು ಕಡಿಮೆಯೇ ಇತ್ತು. ಆದರೆ ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರೋ ಊರಿನ ಬಗ್ಗೆ ಕೇಳಿದಾಗ "ಚಳ್ಳಕೆರೆ, ನಮ್ಮದು ಕುರಿ ಸಾಕುವ ಮನೆ," ಅಂದರಂತೆ. ಅದು ಹರಡಿತು. ಹರಿಯಾಣದ ಸೆಕ್ಷನ್ ಆಫೀಸರು ತಮ್ಮ ಊರಿನ ಎಮ್ಮೆಯ ವಿಚಾರ ತಂದರು. ಎಮ್ಮೆ ನನಗೆ ಗೊತ್ತಿಲ್ಲ ಎಂದು ಅಪ್ಪ ಅಂದರೂ ಬಿಡಲಿಲ್ಲ. ನಾನು ಓಖ್ಲಾದ ಒಂದು ಬಟ್ಟೆ ರಫ್ತು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಗಢ್ವಾಲಿನ ಜವಾನನೊಬ್ಬ ಮೇವು ಮುಟ್ಟದ ತನ್ನ ಮೇಕೆಯ ಫೋಟೋವನ್ನು ಮೊಬೈಲಿನಲ್ಲಿ ತರಿಸಿಕೊಂಡು ಅಪ್ಪನ ಮೇಜಿನ ಮುಂದೆ ನಿಂತನಂತೆ.

"ನೀವೇನಂದಿರಿ?" ಎಂದು ಕೇಳಿದೆ, ಊಟಕ್ಕೆ ಕೂತಾಗ.

"ಫೋಟೋದಲ್ಲಿ ಬರೀ ಮುಖ ಇದೆ," ಅಂದರು ಅಪ್ಪ, ಸಾರಿಗೆ ಅನ್ನ ಕಲಸುತ್ತಾ. "ಹೊಟ್ಟೆ ಕಡೆಯಿಂದ ಒಂದು ತೆಗೆಸಿ ತಾ ಅಂದೆ."