ರಾಮವ್ವನ ಚಸ್ಮಾ

ಬಾದಾಮಿಗೆ ಚಿತ್ರ ಬರೆಯಲು ಬರುವವರಿಗೆಲ್ಲ ರಾಮವ್ವ ಬೇಕು. ಸುಕ್ಕುಗಟ್ಟಿದ ಮುಖ, ಮೂಗುಬೊಟ್ಟು, ಇಳಕಲ್ ಸೀರೆ. ಹಳ್ಳಿಯ ಮುದುಕಿ ಎಂದರೆ ಹೀಗೇ ಎಂದು ತೀರ್ಮಾನಿಸಿಕೊಂಡೇ ಬಂದಿರುತ್ತಾರೆ ಪುಣ್ಯಾತ್ಮರು. ಹೆಗಲಿಗೆ ಕಂಬಳಿ ಹೊದಿಸಿ, ಕೈಗೆ ಕೋಲು ಕೊಟ್ಟು, ಪಕ್ಕದ ಓಣಿಯಿಂದ ಎರವಲು ತಂದ ಕುರಿಮರಿಯನ್ನು ಮಗ್ಗುಲಿಗೆ ನಿಲ್ಲಿಸುತ್ತಾರೆ. ಕುರಿಗಾಹಿಗಳ ದೇವರು ಬೀರಪ್ಪನ ಒಕ್ಕಲು ಎಂದಮೇಲೆ ಕುರಿ ಇಲ್ಲದಿದ್ದರೆ ಹೇಗೆ!

ರಾಮವ್ವನ ಮನೆಯವರು ಕುರಿ ಮಾರಿ ಒಂದು ತಲೆಮಾರೇ ಕಳೆದಿದೆ. ಅವಳ ಹೊಟ್ಟೆ ಹೊರೆದದ್ದು ಕೌದಿ, ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ. ಗಂಡ ತೀರಿದ ಮೇಲೆ ಆ ಸೂಜಿಯಿಂದಲೇ ಮಕ್ಕಳನ್ನು ದಡ ಮುಟ್ಟಿಸಿದಳು. ನಡುವೆ ಕಣ್ಣಿಗೆ ಪೊರೆ ಬಂದು ಸೂಜಿ ಮೂಲೆ ಸೇರಿತು. ಬಾಗಲಕೋಟೆಯಲ್ಲಿ ಆಪರೇಷನ್ ಆಗಿ ದಪ್ಪ ಕನ್ನಡಕ ಬಂದ ದಿನ, ತಾನೇ ದಾರ ಪೋಣಿಸಿ ಅತ್ತುಬಿಟ್ಟಿದ್ದಳು.

ಚಿತ್ರಕಾರರು ಮೊದಲು ತೆಗೆಸುತ್ತಿದ್ದುದೇ ಆ ಕನ್ನಡಕವನ್ನು. ಈ ಸಲದ ಚಿತ್ರಕಲಾ ಶಿಬಿರಕ್ಕೆ ಬಂದ ಬಾಗಲಕೋಟೆಯ ಹುಡುಗಿ ಐಶ್ವರ್ಯಳೂ ಅದನ್ನೇ ಹೇಳಿದಳು.

"ಆಯಿ, ಚಸ್ಮಾ ಒಂದ್ ತಗೀರಿ. ಹಳ್ಳಿ ಚಿತ್ರಕ್ಕ ಒಪ್ಪೂದಿಲ್ಲ."

ಚಿತ್ರ ಮುಗಿದ ಮೇಲೆ ರಾಮವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಕುರಿಮರಿ ಥೇಟ್ ಕುರಿಮರಿಯೇ. ಮುದುಕಿಯ ಕಣ್ಣು ಮಾತ್ರ ಎಲ್ಲೂ ನೋಡುತ್ತಿರಲಿಲ್ಲ.

"ಮರಿ ಗುರುತು ಸಿಕ್ತು. ಈಕಿ ಯಾರವ್ವಾ?"

ಐಶ್ವರ್ಯ ನಕ್ಕಳು. ರಾಮವ್ವ ನಗಲಿಲ್ಲ.

"ನಾ ಸತ್ತ ಮ್ಯಾಲೂ ಈ ಚಿತ್ರ ಇರ್ತಾವ. ಮೊಮ್ಮಕ್ಕಳು ನೋಡಿದ್ರ, ನಮ್ಮ ಆಯಿ ಕುರಿ ಕಾಯ್ತಿದ್ಲು ಅಂತಾರ. ನಾಳೆ ಚಸ್ಮಾ ಹಾಕ್ಕೊಂಡ ಕೂಡ್ತೇನಿ. ಬ್ಯಾಡಂದ್ರ ಬ್ಯಾರೇದವರ್ನ ನೋಡ್ಕೊ."

ಕಡ್ಡಿ ಮುರಿದಂತೆ ಹೇಳಿ ಬಂದಳು. ಆದರೆ ಶಿಬಿರದ ಕೂಲಿ ಬಿಡುವಂಥ ಸ್ಥಿತಿ ಅವಳದಲ್ಲ.

ಮರುದಿನ ಐಶ್ವರ್ಯಳೇ ಮನೆ ಹುಡುಕಿಕೊಂಡು ಬಂದಳು. ಜೊತೆಗೆ ಕುರಿಮರಿ ಇರಲಿಲ್ಲ.

"ದಿನಾ ಹೆಂಗ ಕೂಡ್ತೀರಿ, ಹಂಗ ಕೂಡ್ರಿ ಆಯಿ," ಎಂದು ಬಾಗಿಲ ಬಳಿಯೇ ಬಣ್ಣ ಹರಡಿಕೊಂಡಳು.

ರಾಮವ್ವ ಕನ್ನಡಕ ಏರಿಸಿ ಕೌದಿ ಬಿಚ್ಚಿದಳು. ಹೊಲಿಯುತ್ತ ನಡುನಡುವೆ ತಲೆ ಎತ್ತಿ ನೋಡಿದಳು. ಹುಡುಗಿ ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ ಬರೆಯುತ್ತಿದ್ದ ಪರಿ ಕಂಡು ಮನಸ್ಸು ತುಂಬಿ ಬಂತು. ಇಷ್ಟು ವರ್ಷ ಕೂತಿದ್ದರೂ ಬರೆಯುವವರ ಮುಖ ಅವಳಿಗೆ ಕಂಡದ್ದು ಇದೇ ಮೊದಲು.

ಸಂಜೆ ಚಿತ್ರದೆದುರು ನಿಂತಳು. ದಪ್ಪ ಕನ್ನಡಕ, ಕೈಯಲ್ಲಿ ಸೂಜಿ, ನೆಟ್ಟ ನೋಟ. ಇದು ತಾನೇ, ಅನುಮಾನವೇ ಇಲ್ಲ. ಇನ್ನೂ ಹತ್ತಿರ ಬಾಗಿದಳು. ಕನ್ನಡಕದ ಗಾಜಿನಲ್ಲಿ ಮನೆಯ ಬಾಗಿಲು, ಅದರ ಬಳಿ ಕುಂಚ ಹಿಡಿದು ಕೂತ, ಪುಟ್ಟದಾಗಿ ಕಾಣುವ ಒಬ್ಬ ಹುಡುಗಿ.

"ಅಯ್ಯ, ಇದರಾಗ ನೀನೂ ಅದಿಯಲ್ಲವ್ವಾ!"

"ನೀವು ನನ್ನ ನೋಡಾಕತ್ತಿದ್ರಲ್ಲ ಆಯಿ, ಅದಕ್ಕ," ಎಂದಳು ಐಶ್ವರ್ಯ.