ಮೇಡಂ ಹಾಕಿದ ಅಜ್ಜಿ ವೇಷ

ಮೊನ್ನೆ ಹೊನ್ನಾವರದ ಪೇಟೆಯಲ್ಲಿ ಕಿರಾಣಿ ಅಂಗಡಿಯವರು ಒಂದು ಚೀಲದ ಬಾಯಿ ಬಿಚ್ಚಿದರು. ಒಣಗಿದ ಮುರುಗಲ ಸಿಪ್ಪೆಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಸಾರಿಗೆಂದು ಕೊಳ್ಳಲು ಹೋದವಳು ಸುಮ್ಮನೆ ನಿಂತುಬಿಟ್ಟೆ. ನನ್ನ ಮಟ್ಟಿಗೆ ಅದು ಅಡುಗೆಮನೆಯ ವಾಸನೆಯಲ್ಲ, ಕ್ಲಾಸಿನದು... ನಮ್ಮ ಮೇಡಂ ಅವರದು.

ಕುಮಟೆಯಲ್ಲಿ ನಾನು ಸ್ನಾತಕೋತ್ತರ ಓದುತ್ತಿದ್ದ ಕಾಲ. ವಿಷಯ, ಮುಪ್ಪು ಮತ್ತು ಹಿರಿಯರ ಆರೈಕೆ. ಸೇರುತ್ತೇನೆ ಎಂದಾಗ ಅಮ್ಮ, "ಮುದುಕರ ಬಗ್ಗೆ ಓದೂಕೆ ಎಂತ ಉಂಟೇ? ಮನೇಲಿ ಅಜ್ಜಿ ಇಲ್ವಾ? ಅವಳ ಕಾಲೊತ್ತು, ಎಲ್ಲ ತಿಳೀತದೆ" ಎಂದು ನಕ್ಕಿದ್ದಳು. ಪಿಂಚಣಿ, ಕಾನೂನು, ಮೂಳೆ ಸವೆತದ ಪಾಠಗಳಲ್ಲಿ ನಾವು ತೂಕಡಿಸುತ್ತಿದ್ದೆವು. ಮೇಡಂ ಕ್ಲಾಸಿನಲ್ಲಿ ಮಾತ್ರ ಯಾರಿಗೂ ನಿದ್ದೆ ಬರುತ್ತಿರಲಿಲ್ಲ.

ಅವರು ಪುಸ್ತಕ ಮುಚ್ಚಿಟ್ಟು, ಸೆರಗನ್ನು ತಲೆಗೆ ಹೊದ್ದು, ಮರೆವಿನ ಅಜ್ಜಿಯಾಗಿ ಕುರ್ಚಿಯಲ್ಲಿ ಕೂರುತ್ತಿದ್ದರು. ನಾವು ಸರದಿಯ ಮೇಲೆ ಹೋಗಿ ಅವರನ್ನು ಪರೀಕ್ಷಿಸಬೇಕು. ಅಂಗೈಯಲ್ಲಿ ಮುರುಗಲ ಸಿಪ್ಪೆ ಇಟ್ಟು, ಮೂಸಿ ಏನೆಂದು ಹೇಳಿ ಎನ್ನಬೇಕು. ದೋಣಿ, ಚಾವಿ, ಮುರುಗಲು ಎಂದು ಮೂರು ಮಾತು ಹೇಳಿ, ಬೇರೇನೋ ಹರಟಿ, ಆಮೇಲೆ ಅವನ್ನೇ ತಿರುಗಿ ಕೇಳಬೇಕು. ಅಜ್ಜಿ ಮರೆಯುತ್ತಿದ್ದಳು, ಚಾವಿ ಕದ್ದಿರೆಂದು ಬೈಯುತ್ತಿದ್ದಳು, ಸತ್ತ ತಾಯಿಯನ್ನು ಕರೆಯುತ್ತಿದ್ದಳು. ಒಬ್ಬ ಕಿವಿಯ ಹತ್ತಿರ ಹೋಗಿ ಕಿರುಚಿದ್ದಕ್ಕೆ, "ನಂಗೆ ಮರೆವು, ಕಿವುಡಲ್ಲ!" ಎಂದು ಅವನ ಕೈಗೆ ಬಾರಿಸಿದ್ದರು. ಗಂಟೆ ಹೊಡೆದ ಕೂಡಲೇ ಸೆರಗು ಇಳಿಸಿ, "ಆತು, ಈಗ ನಾ ಟೀಚರು" ಎನ್ನುತ್ತಿದ್ದರು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. "ನಾಳೆ ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಎದುರು ಕೂತವರು ಹೀಗೆ ಸೆರಗು ಇಳಿಸೂದಿಲ್ಲ" ಎನ್ನುತ್ತಿದ್ದರು. ಇನ್ನೊಂದು ಕಟ್ಟುನಿಟ್ಟು, ಯಾರಿಗೂ ಸುಳ್ಳು ಸಮಾಧಾನ ಹೇಳಬಾರದು.

ಕೊನೆಯ ವರ್ಷ ಅವರು ಒಂದೇ ಪಾಠವನ್ನು ಎರಡೆರಡು ಸಲ ಮಾಡತೊಡಗಿದರು. ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆವು.

ಅಂದು ನನ್ನ ಸರದಿ. ಮೇಡಂ ಸಿಪ್ಪೆ ಮೂಸಿ ಬಹಳ ಹೊತ್ತು ಯೋಚಿಸಿದರು. ಹೆಸರು ಬರಲಿಲ್ಲ. ಮೂರು ಮಾತುಗಳಲ್ಲಿ ಒಂದೂ ಬರಲಿಲ್ಲ. ಬೈಗುಳವಿಲ್ಲ, ಅಳುವಿಲ್ಲ, ಬರಿದೇ ನನ್ನ ಮುಖ ನೋಡಿದರು. ಇಷ್ಟು ಚೆನ್ನಾಗಿ ಅವರು ಯಾವತ್ತೂ ವೇಷ ಕಟ್ಟಿರಲಿಲ್ಲವೆಂದು ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಗಂಟೆ ಹೊಡೆಯಿತು. ಅವರು ಸೆರಗು ಇಳಿಸಲಿಲ್ಲ, ಆ ಮಾತನ್ನೂ ಆಡಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು.

"ಇವತ್ತು ನಾ ನಾಟಕ ಮಾಡ್ಲೇ ಇಲ್ಲ ಮಾರಾಯ್ತಿ. ನಿಜಕ್ಕೂ ನೆನಪು ಮಾಡೂಕೆ ನೋಡ್ದೆ. ಎಂತ ಅನಿಸ್ತು ನಿಂಗೆ? ಸಮ ಹೇಳು."

ಒಂದೂ ಬರಲಿಲ್ಲ ಮೇಡಂ, ಡಾಕ್ಟರಿಗೆ ತೋರಿಸಬೇಕು ಎಂದೆ. "ಆತು" ಎಂದರು. ಕೈ ಬಿಡದೆ, "ತಂಗಿಗೆ ನೀನೇ ಹೇಳು. ನಂಗೆ ಧೈರ್ಯ ಇಲ್ಲ" ಎಂದರು.

ಅವರ ಜೊತೆ ಇದ್ದವರು ತಂಗಿ ಒಬ್ಬರೇ. ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಮಿರ್ಜಾನದ ಅವರ ಮನೆಗೆ ಹೋದೆವು. ನಾನು ತಡವರಿಸುತ್ತಾ ಮರೆವಿನ ಕಾಯಿಲೆ ಎಂದಾಗ ಮೇಡಂ ಪಕ್ಕದಿಂದಲೇ ತಿದ್ದಿದರು. "ಇರಬಹುದು ಅನ್ನು. ಡಾಕ್ಟರು ಇನ್ನೂ ನೋಡ್ಲಿಲ್ಲ." ಅದು ಅವರು ನನಗೆ ಮಾಡಿದ ಕೊನೆಯ ಪಾಠ. ಚಾ ಮಾಡುತ್ತೇನೆಂದು ಒಳಗೆ ಹೋದ ತಂಗಿ ಬಹಳ ಹೊತ್ತು ಹೊರಗೆ ಬರಲಿಲ್ಲ...

ಓದು ಮುಗಿದು ಹೊನ್ನಾವರದ ವೃದ್ಧಾಶ್ರಮವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲವು ವರ್ಷಗಳ ನಂತರ, ತಂಗಿ ತೀರಿಕೊಂಡ ಮೇಲೆ, ನೆಂಟರು ಮೇಡಂ ಅವರನ್ನು ಅಲ್ಲಿಗೇ ಕರೆತಂದರು. ಸದಾ ತಲೆಗೆ ಸೆರಗು ಹೊದ್ದಿರುತ್ತಿದ್ದ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಅವರು ಕಲಿಸಿದಂತೆಯೇ ಎದುರು ಕೂತು ಮಾತಾಡಿಸಿದೆ, ಕಿರುಚಲಿಲ್ಲ, ತಿದ್ದಲಿಲ್ಲ. ಅಂಗೈಯಲ್ಲಿ ಮುರುಗಲ ಸಿಪ್ಪೆ ಇಟ್ಟರೆ ಬಾಯಿಗೆ ಹಾಕಿಕೊಳ್ಳಲು ಹೋಗುತ್ತಿದ್ದರು. ಇಷ್ಟೆಲ್ಲ ಓದಿದ ನನಗೆ ಮುಂದೇನೆಂದು ಚೆನ್ನಾಗಿಯೇ ಗೊತ್ತಿತ್ತು. ಆದರೂ ಊಟದ ಗಂಟೆ ಹೊಡೆದಾಗಲೆಲ್ಲ ಬಡಿಸುವುದನ್ನು ಬಿಟ್ಟು ಅವರ ಕಡೆ ನೋಡುತ್ತಿದ್ದೆ, ಈಗ ಸೆರಗು ಇಳಿಸಿಯಾರು ಎಂದು. ಇಳಿಸಲಿಲ್ಲ. ನನಗೆ ಅವರ ಮೇಲೆಯೇ ಸಿಟ್ಟು ಬರುತ್ತಿತ್ತು.

ಹೋದ ಮಳೆಗಾಲ ಮೇಡಂ ತೀರಿಕೊಂಡರು.

ಈಗ ನಮ್ಮಲ್ಲಿಗೆ ತರಬೇತಿಗೆಂದು ವಿದ್ಯಾರ್ಥಿಗಳು ಬರುತ್ತಾರೆ. ಮೊನ್ನೆ ಕೊಂಡ ಸಿಪ್ಪೆಯನ್ನು ಅವರ ಕೈಗೆ ಕೊಟ್ಟು, ಸೆರಗು ಹೊದ್ದು ನಾನೇ ಅಜ್ಜಿಯಾಗಿ ಕೂತೆ. ಚೆನ್ನಾಗಿ ಮಾಡ್ತೀರಿ ಮೇಡಂ ಎಂದು ಅವರು ನಕ್ಕರು. ಊಟದ ಗಂಟೆಯ ಸದ್ದು ಇನ್ನೂ ನಿಂತಿರಲಿಲ್ಲ, ನಾನು ಸೆರಗು ಎಳೆದು ಗಡಿಬಿಡಿಯಲ್ಲಿ ಹೇಳಿಬಿಟ್ಟೆ, "ಆತು, ಈಗ ನಾ ಟೀಚರು."